‘ಜನ ಜಾಸ್ತಿ’ ಅನ್ನುವ ಮೊದಲು

ಇವತ್ತಿನ ಮಾತು ಅಪ್ಪ ಅಮ್ಮಂದಿರಿಗಲ್ಲ, ನಿಮಗೆ. ಇಲ್ಲೇ ಹುಟ್ಟಿದವರಿಗೆ, ಇಲ್ಲವೇ ಕಂಕುಳಲ್ಲಿ ಕೂತು ಇಲ್ಲಿಗೆ ಬಂದವರಿಗೆ, ಅಜ್ಜಿಯ ಹತ್ತಿರ ಫೋನಿನಲ್ಲಿ ಮಾತಾಡುವಾಗ ಮಾತ್ರ ಪೂರ್ತಿ ಕನ್ನಡ ಆಡುವವರಿಗೆ. ಸ್ವಲ್ಪ ಲೆಕ್ಕ ಇದೆ, ಸ್ವಲ್ಪ ಇತಿಹಾಸ ಇದೆ. ಲೆಕ್ಕ ನಾನು ನೋಡಿಕೊಳ್ಳುತ್ತೇನೆ, ನೀವು ಹೆದರಬೇಡಿ.

ಮೊದಲು ನಮ್ಮ ಮನೆಯ ಒಂದು ಸಂಗತಿ. ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಭೂಗೋಳದ ಕ್ಲಾಸಿನಲ್ಲಿ ಪ್ರಪಂಚದ ಒಂದು ನಕ್ಷೆ ತೋರಿಸಿದರಂತೆ. ಜನ ದಟ್ಟವಾಗಿರುವ ಕಡೆ ಕಡುಗೆಂಪು, ವಿರಳವಾಗಿರುವ ಕಡೆ ತಿಳಿಹಳದಿ. ಭಾರತದ ಬಹುಭಾಗ ಕೆಂಪು, ನಾವಿರುವ ಆಸ್ಟ್ರೇಲಿಯಾ ಬಹುತೇಕ ಹಳದಿ. ಹಿಂದಿನ ಸಾಲಿನಿಂದ ಒಬ್ಬ ಹುಡುಗ, “ಅದಕ್ಕೇ ಅವರು ಬಡವರು, ಅದಕ್ಕೇ ಎಲ್ಲರೂ ಇಲ್ಲಿಗೆ ಬರುತ್ತಾರೆ” ಅಂದನಂತೆ. ನಾಲ್ಕು ಜನ ನಕ್ಕರಂತೆ. ನನ್ನ ಮಗಳು ಬಾಯಿ ಬಿಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅನ್ನ ಕಲಸುತ್ತಾ ಕೇಳಿದಳು: “ಅಮ್ಮಾ, ನಾವು ಯಾಕಮ್ಮ ಅಷ್ಟೊಂದು ಜನ ಇದ್ದೀವಿ?”

ಕೇಳಿದ ರೀತಿಯಲ್ಲಿ ಕುತೂಹಲಕ್ಕಿಂತ ನಾಚಿಕೆ ಹೆಚ್ಚಿತ್ತು. ನಾನು ಕನ್ನಡ ಎಂ.ಎ. ಓದಿದವಳು. ಪಂಪ, ಕುಮಾರವ್ಯಾಸ ಅಂದರೆ ಏನಾದರೂ ಹೇಳುತ್ತಿದ್ದೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. “ಮೊದಲು ಊಟ ಮಾಡು” ಅಂದುಬಿಟ್ಟೆ. ಆಮೇಲೆ ನನಗೇ ಸಮಾಧಾನವಾಗಲಿಲ್ಲ. ನಮ್ಮ ಬಡಾವಣೆಯ ಲೈಬ್ರರಿಯಿಂದ ಪುಸ್ತಕ ತಂದು ಓದಲು ಶುರು ಮಾಡಿದೆ. ಅವಳಿಗೆ ಆ ರಾತ್ರಿ ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ನಿಮಗೆ ಹೇಳುತ್ತಿದ್ದೇನೆ.

ಒಂದು ಪಂಕ್ತಿಯ ಊಟದಿಂದ ಶುರು ಮಾಡೋಣ. ಯುಗಾದಿಗೆ ಕಮ್ಯುನಿಟಿ ಹಾಲಿನಲ್ಲಿ ಬಾಳೆಎಲೆ ಹಾಕಿ ಬಡಿಸುತ್ತೇವಲ್ಲ, ಹಾಗೆ. ಇಡೀ ಪ್ರಪಂಚವನ್ನು ಊಟಕ್ಕೆ ಕರೆದಿದ್ದೇವೆ, ಆದರೆ ಹಾಲಿನಲ್ಲಿ ನೂರೇ ಎಲೆಗೆ ಜಾಗ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರ ನವೆಂಬರ್ 15ರಂದು ಪ್ರಪಂಚದ ಜನಸಂಖ್ಯೆ 800 ಕೋಟಿ ಮುಟ್ಟಿತು. (ಹತ್ತು ಲಕ್ಷ ಅಂದರೆ ಒಂದು ಮಿಲಿಯನ್, ನೂರು ಕೋಟಿ ಅಂದರೆ ಒಂದು ಬಿಲಿಯನ್. ಇಷ್ಟು ನೆನಪಿಟ್ಟುಕೊಂಡರೆ ಸಾಕು.) ಅಂದರೆ ಒಂದೊಂದು ಎಲೆಯ ಮುಂದೆ 8 ಕೋಟಿ ಜನ. ಈಗ ಯಾರಿಗೆ ಎಷ್ಟು ಎಲೆ?

ಏಷ್ಯಾಕ್ಕೆ 59 ಎಲೆ. ಆಫ್ರಿಕಾಕ್ಕೆ 18. ಯೂರೋಪಿಗೆ 9. ಮೆಕ್ಸಿಕೋದಿಂದ ಕೆಳಗಿನ ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳಿಗೆ 8. ಅಮೆರಿಕ, ಕೆನಡಾ ಎರಡೂ ಸೇರಿ 5. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಪೆಸಿಫಿಕ್ ದ್ವೀಪಗಳೆಲ್ಲ ಸೇರಿ ಉಳಿದ ಒಂದು ಎಲೆ, ಅದೂ ಪೂರ್ತಿ ತುಂಬುವುದಿಲ್ಲ. ಬರೀ ಆಸ್ಟ್ರೇಲಿಯಾ ಅಂದರೆ ಒಂದು ಎಲೆಯ ಮೂರನೇ ಒಂದು ಭಾಗ. ಭಾರತಕ್ಕೆ ಸುಮಾರು 18, ಚೀನಾಕ್ಕೂ ಸುಮಾರು 18. 2023ರಲ್ಲಿ ಭಾರತ ಚೀನಾವನ್ನು ದಾಟಿತು ಎಂದು ವಿಶ್ವಸಂಸ್ಥೆ ಅಂದಾಜು ಮಾಡಿದೆ.

ಇನ್ನೊಂದು ಮಾತು ಕೇಳಿ. ಭಾರತದ 2011ರ ಗಣತಿಯಲ್ಲಿ ಕನ್ನಡ ನಮ್ಮ ಮಾತೃಭಾಷೆ ಎಂದು ಬರೆಸಿದವರು 4.37 ಕೋಟಿ. ಅಂದರೆ ಈ ಪಂಕ್ತಿಯಲ್ಲಿ ನಮ್ಮ ಕನ್ನಡಕ್ಕೆ ಅರ್ಧ ಎಲೆ. ಆಸ್ಟ್ರೇಲಿಯಾದ ಎಲೆಗಿಂತ ದೊಡ್ಡದು! ಮುಂದಿನ ಸಲ ಯಾರಾದರೂ ಕನ್ನಡವನ್ನು ಚಿಕ್ಕ ಭಾಷೆ ಅಂದರೆ ಇದನ್ನು ಹೇಳಿ.

ಈಗ ಎಲೆಗಳನ್ನು ಬಿಟ್ಟು ನೆಲ ನೋಡೋಣ. 2015ರಲ್ಲಿ ಡ್ಯಾನಿ ಕ್ವಾ ಎಂಬ ಅರ್ಥಶಾಸ್ತ್ರಜ್ಞರು, ಪ್ರಪಂಚದ ಅರ್ಧ ಜನ ಹಿಡಿಸುವ ಅತಿ ಚಿಕ್ಕ ವೃತ್ತ ಯಾವುದು ಎಂದು ಲೆಕ್ಕ ಹಾಕಿದರು. ಬರ್ಮಾ ದೇಶದಲ್ಲಿ ಕೈವಾರದ ಮುಳ್ಳಿಟ್ಟು 3,300 ಕಿಲೋಮೀಟರ್ ತ್ರಿಜ್ಯಕ್ಕೆ ಸುತ್ತು ಹಾಕಿದರೆ ಸಾಕಂತೆ. ಬೆಂಗಳೂರು, ಬೀಜಿಂಗ್ ಎರಡೂ ಅದರೊಳಗೆ. ಆ ವೃತ್ತದೊಳಗೆ ಹಿಮಾಲಯ ಇದೆ, ಟಿಬೆಟ್ ಇದೆ, ಮರುಭೂಮಿ ಇದೆ, ಎಷ್ಟೋ ಸಮುದ್ರವೂ ಇದೆ. ಅದೆಲ್ಲ ಕಳೆದು ಉಳಿದ ನೆಲದ ಮೇಲೆ ಮನುಷ್ಯಕುಲದ ಅರ್ಧ ಭಾಗ! ಇತ್ತ ಆಸ್ಟ್ರೇಲಿಯಾದ ವಿಸ್ತೀರ್ಣ ಕರ್ನಾಟಕದ 40 ಪಟ್ಟು. ಜನ ಮಾತ್ರ ಕರ್ನಾಟಕದ ಅರ್ಧಕ್ಕಿಂತ ಕಡಿಮೆ.

ಯಾಕೆ ಹೀಗೆ? ಒಂದು ಕಡೆಯ ಜನ ಮಕ್ಕಳನ್ನು ಹೆಚ್ಚು ಹೆತ್ತರು, ಇನ್ನೊಂದು ಕಡೆಯವರು ಜಾಣರಾಗಿದ್ದರು ಅನ್ನುವುದು ಸುಲಭದ ಉತ್ತರ. ಸುಲಭ, ಆದರೆ ತಪ್ಪು.

ಸರಿಯಾದ ಉತ್ತರ ಕೆಸರುಗದ್ದೆಯಲ್ಲಿದೆ. ಮನುಷ್ಯ ಬೇಸಾಯ ಕಲಿತು ಸುಮಾರು ಹತ್ತು ಸಾವಿರ ವರ್ಷ ಆಯಿತು. ಅಂದಿನಿಂದ ಮೊನ್ನೆ ಮೊನ್ನೆಯವರೆಗೂ ನಿಯಮ ಒಂದೇ: ನೆಲ ಎಷ್ಟು ಜನಕ್ಕೆ ಉಣಿಸುತ್ತದೋ ಅಷ್ಟು ಜನ ಅಲ್ಲಿ ಉಳಿಯುತ್ತಾರೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದು ಸೇರು ಗೋಧಿ ಬಿತ್ತಿದರೆ ಕೈಗೆ ಬರುತ್ತಿದ್ದದ್ದು ನಾಲ್ಕು ಸೇರಿನ ಆಸುಪಾಸು. ಅದರಲ್ಲಿ ಒಂದು ಸೇರು ಮುಂದಿನ ವರ್ಷದ ಬೀಜಕ್ಕೆ ಎತ್ತಿಡಬೇಕು. ನೀರು ನಿಲ್ಲಿಸಿ ನಾಟಿ ಮಾಡಿದ ಭತ್ತ ಇದರ ಎಷ್ಟೋ ಪಟ್ಟು ಕೊಡುತ್ತದೆ. ನಿಂತ ನೀರಿನಲ್ಲಿ ಬೆಳೆಯುವ ಪಾಚಿ ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತದೆ, ಹಾಗಾಗಿ ಅದೇ ಗದ್ದೆ ನೂರಾರು ವರ್ಷ ಬೆಳೆ ಕೊಡುತ್ತಲೇ ಇರುತ್ತದೆ. ಬಿಸಿಲಿದ್ದು ನೀರೂ ಇದ್ದರೆ ವರ್ಷಕ್ಕೆ ಎರಡು ಬೆಳೆ. ಮುಂಗಾರು ಮಳೆ ಸುರಿಯುವ, ನದಿಗಳು ಮೆಕ್ಕಲು ಮಣ್ಣು ಹೊತ್ತು ತರುವ ಏಷ್ಯಾದ ಬಯಲುಗಳಲ್ಲಿ ಇದೆಲ್ಲ ಒಟ್ಟಿಗೆ ಕೂಡಿಬಂತು. ಗಂಗೆಯ ಬಯಲು, ಯಾಂಗ್‌ಸೀ ನದಿಯ ಬಯಲು, ಜಾವಾ ದ್ವೀಪ ಎಲ್ಲವೂ ಹೀಗೆ ತುಂಬಿದವು. ಜಾವಾ ನಮ್ಮ ಕರ್ನಾಟಕಕ್ಕಿಂತ ಚಿಕ್ಕದು, ಆದರೆ ಇವತ್ತು ಅಲ್ಲಿರುವ ಜನ ಇಡೀ ರಷ್ಯಾ ದೇಶದಲ್ಲಿರುವುದಕ್ಕಿಂತ ಹೆಚ್ಚು.

ಒಂದು ಬೀಜ ಏನು ಮಾಡಬಲ್ಲದು ಎಂಬುದಕ್ಕೆ ಒಂದು ಕಥೆ. ಈಗಿನ ವಿಯೆಟ್ನಾಮಿನ ಮಧ್ಯ ಮತ್ತು ದಕ್ಷಿಣ ಭಾಗದಲ್ಲಿ ಚಂಪಾ ಎಂಬ ರಾಜ್ಯವಿತ್ತು. ಅಲ್ಲಿನ ಒಂದು ಭತ್ತದ ತಳಿ ಬೇಗ ಮಾಗುತ್ತಿತ್ತು, ನೀರು ಸ್ವಲ್ಪ ಕಡಿಮೆಯಾದರೂ ತಡೆಯುತ್ತಿತ್ತು. 1012ರಲ್ಲಿ ಚೀನಾದಲ್ಲಿ ಬರ ಬಂದಾಗ ಸೊಂಗ್ ವಂಶದ ಚಕ್ರವರ್ತಿ ಝೆನ್‌ಜೊಂಗ್ ಆ ಬೀಜವನ್ನು ತರಿಸಿ ರೈತರಿಗೆ ಹಂಚಿಸಿದ. ಮುಂದಿನ ನೂರು ವರ್ಷಗಳಲ್ಲಿ ಚೀನಾದ ಜನಸಂಖ್ಯೆ ಹತ್ತು ಕೋಟಿಯ ಮಟ್ಟಕ್ಕೆ ಬೆಳೆಯಿತು. ಅದಕ್ಕೆ ಈ ಭತ್ತವೂ ಒಂದು ದೊಡ್ಡ ಕಾರಣ ಎಂದು ಇತಿಹಾಸಕಾರರು ಹೇಳುತ್ತಾರೆ.

ಅಂದರೆ ಆ ನಕ್ಷೆಯ ಕೆಂಪು ಬಣ್ಣ ಸಾವಿರಾರು ವರ್ಷ ಅನ್ನ ಹುಟ್ಟಿದ ಜಾಗದ ಗುರುತು. ಈಜಿಪ್ಟ್ ನೋಡಿ. ದೇಶದ ಜನರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಇರುವುದು ನೈಲ್ ನದಿಯ ಎರಡು ದಡದ, ಮುಖಜಭೂಮಿಯ ಅಷ್ಟು ನೆಲದಲ್ಲಿ. ಅದು ದೇಶದ ನೂರಕ್ಕೆ ಐದರಷ್ಟು ಜಾಗ. ಉಳಿದದ್ದು ಮರಳು. ನಾವೂ ಹಾಗೆಯೇ. ಆಸ್ಟ್ರೇಲಿಯಾದ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನ ಕಡಲತೀರದಿಂದ 50 ಕಿಲೋಮೀಟರ್ ಒಳಗೇ ಮನೆ ಮಾಡಿಕೊಂಡಿದ್ದೇವೆ. ಒಳನಾಡಿನಲ್ಲಿ ನೀರಿಲ್ಲ. ಇಲ್ಲಿ ನೆಲ ವಿಶಾಲವಾಗಿದೆ ಅಂದಮಾತ್ರಕ್ಕೆ ಅದೆಲ್ಲ ವಾಸಕ್ಕೆ ಸಿಗುವ ನೆಲವಲ್ಲ.

ಇಷ್ಟು ಕೆಂಪಿನ ಕಥೆ. ಈಗ ಹಳದಿಯದು. ಇದು ಹೆಚ್ಚು ಜನ ಕೇಳದೇ ಇರುವ ಅರ್ಧ. ಎಲ್ಲ ಖಾಲಿ ಜಾಗವೂ ಮೊದಲಿನಿಂದ ಖಾಲಿ ಇರಲಿಲ್ಲ.

1492ರಲ್ಲಿ ಕೊಲಂಬಸ್ ಅಮೆರಿಕ ತಲುಪಿದಾಗ ಆ ಎರಡು ಖಂಡಗಳಲ್ಲಿ ಎಷ್ಟು ಜನ ಇದ್ದರು ಎಂಬುದರ ಬಗ್ಗೆ ವಿದ್ವಾಂಸರು ಇನ್ನೂ ವಾದ ಮಾಡುತ್ತಾರೆ. ಹಲವರ ಅಂದಾಜು ಐದಾರು ಕೋಟಿ. ಆಮೇಲೆ ಸಿಡುಬು, ದಡಾರ ಹಡಗು ಹತ್ತಿ ಬಂದವು. ಅಲ್ಲಿನವರ ಮೈಗೆ ಅವುಗಳ ಪರಿಚಯವೇ ಇರಲಿಲ್ಲ. ರೋಗದ ಜೊತೆಗೆ ಯುದ್ಧ, ಜೀತ, ಹಸಿವು. ಒಂದೂವರೆ ಶತಮಾನದಲ್ಲಿ ಮೂಲನಿವಾಸಿಗಳಲ್ಲಿ ಹತ್ತಕ್ಕೆ ಎಂಟು ಒಂಬತ್ತು ಜನ ಇಲ್ಲವಾದರು. ಖಾಲಿಯಾದ ನೆಲದಲ್ಲಿ ಕಬ್ಬು, ಹೊಗೆಸೊಪ್ಪು ಬೆಳೆಯಲು ಆಫ್ರಿಕಾದಿಂದ ಸುಮಾರು 1.25 ಕೋಟಿ ಜನರನ್ನು ಸರಪಳಿ ಹಾಕಿ ಹಡಗಿಗೆ ತುಂಬಿದರು. ಸುಮಾರು 18 ಲಕ್ಷ ಮಂದಿ ದಡ ಮುಟ್ಟಲೇ ಇಲ್ಲ. ನಂತರ, 1820ರ ಆಸುಪಾಸಿನಿಂದ ಒಂದು ನೂರು ವರ್ಷದಲ್ಲಿ ಐದು ಕೋಟಿಗೂ ಹೆಚ್ಚು ಯೂರೋಪಿಯನ್ನರು ತಮ್ಮ ಊರು ಬಿಟ್ಟು ಹೊರಟರು. ಯಾಕೆ ಹೊರಟರು ಗೊತ್ತೇ? ತಮ್ಮ ಊರಲ್ಲಿ ನೆಲ ಸಾಲದು, ಕೂಳು ಸಾಲದು ಅಂತ. ‘ಜನ ಜಾಸ್ತಿ’ ಆಗಿದ್ದದ್ದು ಆಗ ಯೂರೋಪಿನಲ್ಲಿ. ಅವರಿಗೆ ಹೋಗಲು ಖಂಡಗಳು ಸಿಕ್ಕವು.

ಆಸ್ಟ್ರೇಲಿಯಾದ ಕಥೆ ನೀವು ಶಾಲೆಯಲ್ಲಿ ಓದಿರುತ್ತೀರಿ. 1788ರಲ್ಲಿ ಬ್ರಿಟಿಷರ ಮೊದಲ ಹಡಗುಗಳು ಬಂದಾಗ ಇಲ್ಲಿ ಮೂರು ಲಕ್ಷದಿಂದ ಹತ್ತು ಲಕ್ಷದವರೆಗೆ ಜನ ಇದ್ದಿರಬಹುದು ಎಂದು ಬೇರೆ ಬೇರೆ ಅಂದಾಜುಗಳಿವೆ. ಮರುವರ್ಷವೇ ಸಿಡ್ನಿಯ ಸುತ್ತ ಸಿಡುಬು ಹಬ್ಬಿತು. 20ನೇ ಶತಮಾನದ ಆರಂಭದ ಹೊತ್ತಿಗೆ ಉಳಿದವರು ಒಂದು ಲಕ್ಷದ ಆಸುಪಾಸು. ಕಾನೂನು ಮಾತ್ರ ಇದು ಯಾರಿಗೂ ಸೇರದ ನೆಲವಾಗಿತ್ತು ಎಂದೇ ನಡೆದುಕೊಂಡು ಬಂತು. ಮೇಬೋ ಮೊಕದ್ದಮೆಯಲ್ಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿದ್ದು 1992ರ ಜೂನ್ 3ರಂದು. ನಿಮ್ಮ ಅಪ್ಪ ಅಮ್ಮ ಆಗ ಶಾಲೆಗೆ ಹೋಗುತ್ತಿದ್ದರು, ಅಷ್ಟು ಹತ್ತಿರದ ಮಾತು.

ಇನ್ನೂ ಒಂದು. 1901ರ ಆಸ್ಟ್ರೇಲಿಯಾ ಸಂವಿಧಾನದ 127ನೇ ಕಲಮಿನ ಪ್ರಕಾರ ದೇಶದ ಜನಸಂಖ್ಯೆಯ ಲೆಕ್ಕಕ್ಕೆ ಮೂಲನಿವಾಸಿಗಳನ್ನು ಸೇರಿಸಿಕೊಳ್ಳುವ ಹಾಗಿರಲಿಲ್ಲ. 1967ರ ಮೇ 27ರ ಜನಮತಗಣನೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಒಪ್ಪಿಗೆ ಕೊಟ್ಟ ಮೇಲೆ ಆ ಕಲಮು ಹೋಯಿತು. ಹಾಗಾಗಿ ಯಾವುದೇ ಹಳೆಯ ಜನಸಂಖ್ಯೆಯ ಅಂಕಿ ನೋಡಿದಾಗ ‘ಎಷ್ಟು ಜನ?’ ಅನ್ನುವುದರ ಜೊತೆಗೆ ‘ಯಾರನ್ನು ಎಣಿಸಿದರು?’ ಅಂತಲೂ ಕೇಳಬೇಕು.

ಈಗ ನಮ್ಮ ಊರಿಗೆ ಬರೋಣ. ನನ್ನ ಅಜ್ಜಿ ತುಮಕೂರಿನ ಕಡೆಯವರು. ನಾವು ಮಕ್ಕಳು ತಟ್ಟೆಯಲ್ಲಿ ಮುದ್ದೆ ಬಿಟ್ಟರೆ, “ಧಾತು ಈಶ್ವರದಲ್ಲಿ ಹುಟ್ಟಿದ್ದರೆ ಗೊತ್ತಾಗುತ್ತಿತ್ತು” ಅನ್ನುತ್ತಿದ್ದರು. ಅದು ಏನೋ ಬೈಗುಳ ಅಂದುಕೊಂಡಿದ್ದೆ. ಧಾತು, ಈಶ್ವರ ಅನ್ನುವುದು ಎರಡು ಸಂವತ್ಸರಗಳ ಹೆಸರು ಎಂದು ತಿಳಿದದ್ದು ಎಷ್ಟೋ ಆಮೇಲೆ. ಅಂದರೆ 1876ರಿಂದ 1878ರವರೆಗಿನ ಎರಡು ವರ್ಷ. ಅಜ್ಜಿ ಹುಟ್ಟಿದ್ದು ಅದಾಗಿ ಬಹಳ ಕಾಲದ ಮೇಲೆ. ಅವರಿಗೂ ಅದು ಅವರ ಅಜ್ಜಿಯಿಂದ ಬಂದ ಮಾತು.

ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಜನಗಣತಿ ನಡೆಯಿತು. ಸಿಕ್ಕ ಸಂಖ್ಯೆ 50,55,412. ಹತ್ತು ವರ್ಷ ಬಿಟ್ಟು 1881ರಲ್ಲಿ ಮತ್ತೆ ಎಣಿಸಿದಾಗ 41,86,188. ಬೆಳೆಯಬೇಕಾಗಿದ್ದ ಸಂಖ್ಯೆ 8,69,224 ಕಡಿಮೆಯಾಗಿತ್ತು. ಆರು ಜನರಿದ್ದ ಮನೆಯಲ್ಲಿ ಒಬ್ಬರು ಇಲ್ಲ ಅಂದುಕೊಳ್ಳಿ. ಕೆಲವರು ಊರು ಬಿಟ್ಟಿದ್ದರು, ಹೆಚ್ಚಿನವರು ಹಸಿವಿನಿಂದ, ಹಸಿವಿನ ಬೆನ್ನಿಗೆ ಬಂದ ಕಾಲರಾ, ಜ್ವರಗಳಿಂದ ಸತ್ತಿದ್ದರು. ಮಲೆನಾಡು ಹೇಗೋ ತಪ್ಪಿಸಿಕೊಂಡಿತು. ಬೆಂಗಳೂರು, ಕೋಲಾರ, ತುಮಕೂರು, ಚಿತ್ರದುರ್ಗದ ಬಯಲುಸೀಮೆ ನರಳಿತು. ಮದ್ರಾಸ್, ಬೊಂಬಾಯಿ, ಹೈದರಾಬಾದ್ ಪ್ರಾಂತ್ಯಗಳನ್ನೂ ಸೇರಿಸಿದರೆ ಸತ್ತವರು ಅರ್ಧ ಕೋಟಿಗೂ ಹೆಚ್ಚು.

ಮಳೆ ಕೈಕೊಟ್ಟದ್ದು ನಿಜ. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲೂ, ಬ್ರೆಜಿಲಿನ ಈಶಾನ್ಯದಲ್ಲೂ ಬರ ಬಿತ್ತು. ಪೆಸಿಫಿಕ್ ಸಾಗರದ ನೀರು ಕಾಯುವ ಎಲ್ ನಿನ್ಯೋ ಅದಕ್ಕೆ ಕಾರಣ ಎಂದು ಈಗ ಗೊತ್ತಾಗಿದೆ. ಆದರೆ ಮಳೆ ಬಾರದಿದ್ದರೆ ಬೆಳೆ ಹೋಗುತ್ತದೆ, ಲಕ್ಷಗಟ್ಟಲೆ ಜನ ಸಾಯಲೇಬೇಕೆಂದಿಲ್ಲ. ಆ ಬರದ ನಡುವೆಯೂ ಭಾರತದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. 1877ರ ಜನವರಿ 1ರಂದು ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಲು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದೊಡ್ಡ ದರ್ಬಾರು ನಡೆಸಿದ. ಖರ್ಚು ಉಳಿಸಲೆಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಯಲ್ಲಿ ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದಿಷ್ಟು ಪುಡಿಗಾಸು, ಒಂದು ಪೌಂಡ್ ಧಾನ್ಯದ ಲೆಕ್ಕದ ಕೂಲಿ ಎಂದು ಗೊತ್ತುಮಾಡಿದ. ಅರ್ಧ ಕಿಲೋಗೂ ಕಡಿಮೆ. ಇಷ್ಟರಲ್ಲಿ ದುಡಿಯುವ ದೇಹ ಬದುಕುವುದಿಲ್ಲ ಎಂದು ಮದ್ರಾಸಿನ ವೈದ್ಯಾಧಿಕಾರಿ ಕಾರ್ನಿಶ್ ಜಗಳವಾಡಿದರು. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು, ರಾಜ್ಯ ಒಡೆಯರ ಕೈಗೆ ಮರಳಿದ್ದು 1881ರಲ್ಲಿ. ನೀವು ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗಿರುತ್ತೀರಲ್ಲ, ಆ ದಾರಿಗೆ ಮೊದಲು ಮಣ್ಣು ಹಾಕಿದವರಲ್ಲಿ ಈ ಬರದ ಕೂಲಿಗಳಿದ್ದರು.

ಈಗ ಮುಖ್ಯವಾದ ಮಾತು. ಸಾವುಗಳಿಗೆ ಆಳುವವರು ಕೊಟ್ಟ ವಿವರಣೆ ಏನು? ಭಾರತದಲ್ಲಿ ಜನ ಅನ್ನಕ್ಕಿಂತ ವೇಗವಾಗಿ ಬೆಳೆಯುತ್ತಾರೆ ಎಂದು. ಲಿಟ್ಟನ್ ಈ ವಾದವನ್ನು ಬಾಯಿಬಿಟ್ಟು ಹೇಳಿದ್ದ. ಈ ವಾದಕ್ಕೆ ಒಬ್ಬ ಗುರು ಇದ್ದ. 1798ರಲ್ಲಿ ಥಾಮಸ್ ಮಾಲ್ತಸ್ ಎಂಬ ಇಂಗ್ಲಿಷ್ ಪಾದ್ರಿ, ಜನಸಂಖ್ಯೆ ಯಾವಾಗಲೂ ಆಹಾರವನ್ನು ಮೀರಿ ಬೆಳೆಯಲು ನೋಡುತ್ತದೆ, ಹಸಿವು ರೋಗಗಳು ಅದನ್ನು ತಡೆಯುತ್ತವೆ ಎಂದು ಬರೆದ. 1805ರಿಂದ ಮೂರು ದಶಕ ಅವನು ಪಾಠ ಮಾಡಿದ್ದು ಎಲ್ಲಿ ಗೊತ್ತೇ? ಹೇಲಿಬರಿಯಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ. ಭಾರತವನ್ನು ಆಳಲು ಬಂದ ಎಷ್ಟೋ ತರುಣ ಅಧಿಕಾರಿಗಳು ಅವನ ಶಿಷ್ಯರು. ‘ಜನ ಜಾಸ್ತಿ, ಅದಕ್ಕೇ ಬಡವರು’ ಎಂಬ ಮಾತು ನನ್ನ ಮಗಳ ಕ್ಲಾಸಿನ ಆ ಹುಡುಗನ ಸ್ವಂತದ್ದಲ್ಲ. ಇನ್ನೂರು ವರ್ಷ ಹಳೆಯದು, ಬೇಕಾದಾಗ ಬೇಕಾದವರ ಕೈಗೆ ಸಿಕ್ಕಿದೆ. ಪಾಪ, ಅವನಿಗೆ ಅದು ಎಲ್ಲಿಂದ ಬಂತು ಎಂದೂ ತಿಳಿಯದು.

ಜನ ಕಡಿಮೆಯಾದರೆ ಬಡತನ ಹೋಗುವುದಾದರೆ, 1881ರ ಮೈಸೂರು ಶ್ರೀಮಂತವಾಗಿರಬೇಕಿತ್ತು. ಹಾಗಾಗಲಿಲ್ಲ. ಉಳುವ ಕೈಯಿಲ್ಲದೆ, ದನವಿಲ್ಲದೆ ಹೊಲಗಳು ಬೀಳುಬಿದ್ದವು. 1891ರಲ್ಲಿ ಎಣಿಸಿದಾಗಲೂ 49,43,604, ಅಂದರೆ ಇಪ್ಪತ್ತು ವರ್ಷ ಹಿಂದಿನ ಮಟ್ಟಕ್ಕೆ ಬಂದಿರಲಿಲ್ಲ. ಅದನ್ನು ದಾಟಿದ್ದು ಇನ್ನೂ ಹತ್ತು ವರ್ಷ ಬಿಟ್ಟು, 1901ರ ಗಣತಿಯಲ್ಲಿ.

ಹಾಗಾದರೆ ಆಮೇಲೆ ಭಾರತದ, ಪ್ರಪಂಚದ ಜನಸಂಖ್ಯೆ ಹೇಗೆ ಏರಿತು? ಪ್ರಪಂಚ ಮೊದಲ 100 ಕೋಟಿ ಮುಟ್ಟಿದ್ದು 1804ರ ಸುಮಾರಿಗೆ. 200 ಕೋಟಿ 1927ರಲ್ಲಿ, 300 ಕೋಟಿ 1960ರಲ್ಲಿ. ಅಲ್ಲಿಂದ 1974, 1987, 1999, 2011, 2022, ಒಂದೊಂದು ಸಲಕ್ಕೂ ನೂರು ಕೋಟಿ. ಜನ ಇದ್ದಕ್ಕಿದ್ದಂತೆ ಹೆಚ್ಚು ಹೆರಲು ಶುರು ಮಾಡಿದರು ಎಂದಲ್ಲ. ಮೊದಲೂ ಆರೇಳು ಮಕ್ಕಳು ಹುಟ್ಟುತ್ತಿದ್ದವು, ಎರಡು ಮೂರು ಉಳಿಯುತ್ತಿದ್ದವು. ಸಿಡುಬಿಗೆ ಲಸಿಕೆ, ಕುಡಿಯಲು ಶುದ್ಧ ನೀರು, ಸೋಪು, ಮಲೇರಿಯಾದ ತಡೆ, ಪೆನ್ಸಿಲಿನ್ ಬಂದ ಮೇಲೆ ಹುಟ್ಟಿದ ಮಕ್ಕಳು ಬದುಕತೊಡಗಿದವು. ಭಾರತ ಸ್ವತಂತ್ರವಾದ ಹೊಸತರಲ್ಲಿ ಸರಾಸರಿ ಆಯಸ್ಸು 32ರ ಆಸುಪಾಸು, ಇವತ್ತು 70ರ ಆಸುಪಾಸು. ನಾವು ‘ಅಷ್ಟೊಂದು ಜನ’ ಆಗಿದ್ದು ಅಮ್ಮಂದಿರ ಮಡಿಲಲ್ಲಿ ಕೂಸು ಸಾಯುವುದು ನಿಂತದ್ದರಿಂದ. ಇದರಲ್ಲಿ ನಾಚಿಕೆಪಡುವುದು ಏನಿದೆ ಹೇಳಿ?

ಮಕ್ಕಳು ಬದುಕುತ್ತವೆ ಎಂಬ ಧೈರ್ಯ ಬಂದ ಮೇಲೆ, ಹೆಣ್ಣುಮಕ್ಕಳು ಓದಿದ ಮೇಲೆ, ಕುಟುಂಬಗಳು ತಾವಾಗಿಯೇ ಚಿಕ್ಕದಾಗುತ್ತವೆ. ಯೂರೋಪಿನಲ್ಲಿ ಮೊದಲು ಹಾಗಾಯಿತು, ಆಮೇಲೆ ಎಲ್ಲ ಕಡೆ. ಈ ವಿಷಯದಲ್ಲಿ ನಮ್ಮ ನಾಡು ಮುಂದಿತ್ತು. 1930ರಲ್ಲೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಸರ್ಕಾರವೇ ಇಂಥ ಕೆಲಸಕ್ಕೆ ಕೈಹಾಕಿದ್ದು ಪ್ರಪಂಚದಲ್ಲೇ ಮೊದಲ ಉದಾಹರಣೆಗಳಲ್ಲಿ ಒಂದು. ಈಗಿನ ಅಂಕಿ ಕೇಳಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. 2021ರಲ್ಲಿ ಆಸ್ಟ್ರೇಲಿಯಾದ ಸರಾಸರಿ? ಅದೂ 1.7. ನನ್ನ ಮಗಳಿಗೆ ಇದನ್ನು ಹೇಳಿದಾಗ ನಂಬಲಿಲ್ಲ, ತಾನೇ ಹುಡುಕಿ ನೋಡಿದಳು.

ಕೊನೆಗೆ, ‘ಎಲ್ಲರೂ ಇಲ್ಲಿಗೆ ಬರುತ್ತಾರೆ’ ಎಂಬ ಅರ್ಧ ಉಳಿಯಿತು. ಯಾರು ಎಲ್ಲಿ ವಾಸಿಸಬಹುದು ಎಂಬುದನ್ನು ನೀರು, ಮಣ್ಣುಗಳ ಜೊತೆಗೆ ಕಾನೂನೂ ತೀರ್ಮಾನಿಸುತ್ತದೆ. 1901ರಲ್ಲಿ ಆಸ್ಟ್ರೇಲಿಯಾ ಮಾಡಿದ ವಲಸೆ ನಿರ್ಬಂಧದ ಕಾಯ್ದೆಯಲ್ಲಿ ‘ಭಾರತೀಯರು ಬರಬಾರದು’ ಎಂದು ಬರೆದಿರಲಿಲ್ಲ. ಉಕ್ತಲೇಖನದ ಪರೀಕ್ಷೆ ಇತ್ತು, ನೀವು ಕನ್ನಡ ಶಾಲೆಯಲ್ಲಿ ಬರೆಯುತ್ತೀರಲ್ಲ, ಹಾಗೆ. ಅಧಿಕಾರಿ ಓದಿದ 50 ಪದಗಳನ್ನು ತಪ್ಪಿಲ್ಲದೆ ಬರೆಯಬೇಕು. ಆದರೆ ಅದು ಯೂರೋಪಿನ ಯಾವ ಭಾಷೆಯಲ್ಲಾದರೂ ಇರಬಹುದು, ಭಾಷೆ ಆರಿಸುವವನು ಅಧಿಕಾರಿ. ಇಂಗ್ಲಿಷ್ ಬಲ್ಲ ಭಾರತೀಯನಿಗೆ ಬೇರೆ ಭಾಷೆಯಲ್ಲಿ ಓದಿ ಹೇಳಿದರೆ ಮುಗಿಯಿತು. ಆ ಪರೀಕ್ಷೆ 1958ರಲ್ಲಿ ಹೋಯಿತು. ಬಿಳಿಯರಿಗೆ ಮಾತ್ರ ಎಂಬ ನೀತಿಯ ಕೊನೆಯ ಎಳೆ ಕಳಚಿದ್ದು 1973ರಲ್ಲಿ. ಅದಾದ ಮೇಲೆಯೇ ನಮ್ಮಂಥವರಿಗೆ ಇಲ್ಲಿ ಬಾಗಿಲು ಪೂರ್ತಿ ತೆರೆದದ್ದು. ನಕ್ಷೆಯ ಹಳದಿಯಲ್ಲಿ ಈ ಮುಚ್ಚಿದ ಬಾಗಿಲ ಬಣ್ಣವೂ ಸೇರಿದೆ.

ಹಾಗಂತ ಜನ ಎಷ್ಟು ಹೆಚ್ಚಿದರೂ ತೊಂದರೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 4,381 ಜನ, ಅದೇ ರಾಜ್ಯದ ಕೊಡಗಿನಲ್ಲಿ 135. ನದಿಯ ದಡದಲ್ಲಿಲ್ಲದ ಬೆಂಗಳೂರಿಗೆ ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪು ಹಾಕಿ ಮೇಲಕ್ಕೆ ಎತ್ತಬೇಕು. ರಜೆಗೆ ಹೋದಾಗ ಟ್ಯಾಂಕರ್ ನೀರಿಗೆ ಕಾದ ನೆನಪು ನಿಮಗೂ ಇರಬಹುದು. ಆದರೆ ಅದು ಕೆಲಸಗಳೆಲ್ಲ ಒಂದೇ ಊರಿನಲ್ಲಿ ಗುಡ್ಡೆಯಾದದ್ದರ, ಕೆರೆಗಳನ್ನು ಮುಚ್ಚಿದ್ದರ ಪ್ರಶ್ನೆ. ಕೇಳಬೇಕಾದ್ದನ್ನು ಹಾಗೆ ಬಿಡಿಸಿ ಕೇಳಿದರೆ ಉತ್ತರ ಹುಡುಕಬಹುದು. ‘ಜನ ಜಾಸ್ತಿ’ ಅಂದುಬಿಟ್ಟರೆ ಪ್ರಶ್ನೆಯೇ ಮುಗಿದುಹೋಗುತ್ತದೆ, ತಪ್ಪು ಹುಟ್ಟಿದವರದ್ದಾಗುತ್ತದೆ.

ಮುಂದೆ ನಿಮ್ಮ ಎದುರಿಗೂ ಯಾರಾದರೂ ಆ ನಕ್ಷೆ ಹಿಡಿದು ಹಾಗೆಯೇ ಹೇಳಬಹುದು. ಜಗಳ ಬೇಡ, ನಕ್ಕು ಸುಮ್ಮನಾಗುವುದೂ ಬೇಡ. ಮೂರು ಪ್ರಶ್ನೆ ಕೇಳಿ. ಜನ ತುಂಬಿದ ಆ ನೆಲಕ್ಕೆ ಅನ್ನ ಎಲ್ಲಿಂದ ಬಂತು? ಖಾಲಿ ಇರುವ ಈ ನೆಲದಲ್ಲಿ ಮೊದಲು ಯಾರಿದ್ದರು? ಎಣಿಸಿದವರು ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು?

ನನ್ನ ಮಗಳು ಆ ವರ್ಷದ ಭೂಗೋಳದ ಪ್ರಾಜೆಕ್ಟಿಗೆ ಮೈಸೂರಿನ ಎರಡು ಅಂಕಿಗಳನ್ನು ಆರಿಸಿಕೊಂಡಳು. 50,55,412 ಮತ್ತು 41,86,188. ನಡುವೆ ಕಳೆಯುವ ಚಿಹ್ನೆ ಹಾಕಿ ಉತ್ತರ ಬರೆದು, ಕೆಳಗೆ ಅಜ್ಜಿಯ ಆ ಮಾತನ್ನು ಕನ್ನಡದಲ್ಲೇ ಬರೆದು ಅರ್ಥ ಕೊಟ್ಟಿದ್ದಳು. ‘ಧಾತು’ವಿನ ‘ಧಾ’ಗೆ ಒತ್ತಕ್ಷರ ಬೇಕೋ ಬೇಡವೋ ಎಂದು ಅಡುಗೆಮನೆಗೆ ಬಂದು ಕೇಳಿದಳು. ಒತ್ತಲ್ಲಮ್ಮ, ಅದು ಮಹಾಪ್ರಾಣ ಅಂದೆ.

ನಿಮ್ಮ ಮನೆಯಲ್ಲೂ ಅಜ್ಜಿ ತಾತ ಇದ್ದರೆ ಈ ವಾರ ಫೋನ್ ಮಾಡಿದಾಗ ಕೇಳಿ ನೋಡಿ, ನಮ್ಮವರು ಬರಗಾಲದ ಬಗ್ಗೆ ಏನು ಹೇಳುತ್ತಿದ್ದರು, ಯಾವ ಊರಿನಿಂದ ಯಾವ ಊರಿಗೆ ಬಂದರು ಅಂತ. ಕೇಳಿದ್ದನ್ನು ಬರೆದಿಟ್ಟುಕೊಳ್ಳಿ. ಗಣತಿಯ ಪುಸ್ತಕದಲ್ಲಿ ಅವರೆಲ್ಲ ಬರೀ ಒಂದೊಂದು ಅಂಕಿ, ಹೆಸರು ಗೊತ್ತಿರುವುದು ನಿಮ್ಮ ಮನೆಯವರಿಗೆ ಮಾತ್ರ.